ಕದ್ದು ಕೇಳುವ ಹಾಡು

ಮನೆಯಲ್ಲಿ ಯಾರೂ ಇಲ್ಲದ ಹೊತ್ತನ್ನು ನೋಡಿಕೊಂಡು, ಬಾಗಿಲನ್ನು ಮುಂದೆಮಾಡಿ, ಒಂದು ಹಾಡನ್ನು ಕೇಳುವ ಗೃಹಸ್ಥರು ಎಲ್ಲ ಪಟ್ಟಣಗಳಲ್ಲಿಯೂ ಉಂಟು. ಅಂಥವನೊಬ್ಬನು ಬೆಂಗಳೂರಿನವನೆಂದೇ ಇಟ್ಟುಕೊಳ್ಳಬಹುದು. ಅವನ ಕಪಾಟಿನ ಮುಂದಿನ ಸಾಲಿನಲ್ಲಿ ಪಿಂಕ್ ಫ್ಲಾಯ್ಡ್, ಡೀಪ್ ಪರ್ಪಲ್, ಲೆಡ್ ಜೆಪ್ಪೆಲಿನ್ ಮೊದಲಾದ ರಾಕ್ ತಂಡಗಳ ಕ್ಯಾಸೆಟ್ಟುಗಳು ಶೋಭಿಸುತ್ತಿರುತ್ತವೆ. 2007ರ ಮಾರ್ಚ್ ತಿಂಗಳಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್ ತಂಡವು ಹಾಡಿದಾಗ ತಾನೂ ಅಲ್ಲಿದ್ದೆನೆಂಬುದನ್ನು ಅವನು ಬಂದವರಿಗೆಲ್ಲ ಹೇಳುತ್ತಾನೆ. ಆ ಸಾಲಿನ ಹಿಂದೆ, ಯಾರ ಕಣ್ಣಿಗೂ ಬೀಳದಂತೆ, ಆಬ್ಬಾ ತಂಡದ ಎರಡು ಕ್ಯಾಸೆಟ್ಟುಗಳೂ ಬೋನಿ ಎಂ. ತಂಡದ ಒಂದು ಕ್ಯಾಸೆಟ್ಟೂ ಇರುತ್ತವೆ. ಹಿಂದಿನ ಸಾಲಿನವೇ ಹೆಚ್ಚು ಸವೆದಿರುತ್ತವೆ.

ಇಂಥ ಸುಖಕ್ಕೆ ಇಂಗ್ಲಿಷರು ಕೊಟ್ಟಿರುವ ಹೆಸರನ್ನು ಕನ್ನಡಿಸಿದರೆ ‘ಅಪರಾಧಿಸುಖ’ ಎಂದಾಗುತ್ತದೆ. ಕನ್ನಡದಲ್ಲಿ ಅದಕ್ಕೆ ರೂಢಿಯ ಪದವಿಲ್ಲ. ಕದ್ದು ತಿಂದ ಬೆಲ್ಲವೆಂದರೆ ಕೊಂಚ ಹತ್ತಿರವಾದೀತು. ಆದರೆ ಬೆಲ್ಲವನ್ನು ಕದ್ದಲ್ಲಿ ಅದನ್ನು ಕಳೆದುಕೊಂಡವನೊಬ್ಬನಿರುತ್ತಾನೆ. ಹಾಡನ್ನು ಕದ್ದು ಕೇಳಿದಲ್ಲಿ ಯಾರ ಮನೆಯ ಯಾವ ಒಡವೆ ಹೋಯಿತು? ಯಾರೂ ಏನನ್ನೂ ಕಳೆದುಕೊಳ್ಳದಿದ್ದ ಪಕ್ಷದಲ್ಲಿ ಅಪರಾಧವೆಂಬ ದೊಡ್ಡ ಮಾತು ಇಲ್ಲಿಗೆ ಬಂದುದು ಹೇಗೆ ಎಂಬುದು ವಿಚಾರಾರ್ಹವಾದ ವಿಷಯ.

ಹಾಡಿನ ಸುಖದಲ್ಲಿ ದೋಷವುಂಟೆ ಎಂಬ ಪ್ರಶ್ನೆಯನ್ನು ಹಿಂದಿನವರು ಹಗುರವಾಗಿ ಎತ್ತಿದವರಲ್ಲ. ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದ ಹತ್ತನೆಯ ಭಾಗದಲ್ಲಿ, ತಾನೇ ಆಡಲು ನಾಚುವಂಥ ಹಾಸ್ಯವನ್ನು ರಂಗಸ್ಥಳದಲ್ಲಿ ಕೇಳಿ ಆನಂದಿಸುವವನು ಕಾಲಕ್ರಮದಲ್ಲಿ ತನ್ನ ಮನೆಯಲ್ಲಿಯೇ ವಿದೂಷಕನಾಗುವನೆಂದು ಎಚ್ಚರಿಸಿದನು. ನಾಲ್ಕನೆಯ ಶತಮಾನದ ಕೊನೆಯಲ್ಲಿ ಸಂತ ಆಗಸ್ಟೀನನು ತನ್ನ ‘ಕನ್‌ಫೆಷನ್ಸ್’ ಗ್ರಂಥವನ್ನು ಬರೆಯುತ್ತ, ಹಾಡಿದ ವಿಷಯಕ್ಕಿಂತಲೂ ಹಾಡಿದ ಧ್ವನಿಯೇ ತನ್ನನ್ನು ಹೆಚ್ಚಾಗಿ ಕರಗಿಸಿದಾಗ ತಾನು ಪಾಪವನ್ನು ಮಾಡಿದಂತಾಯಿತೆಂದು ಒಪ್ಪಿಕೊಂಡನು. ಆದರೂ ಸಂಗೀತವನ್ನು ದೇವಾಲಯದಿಂದ ಹೊರಗಟ್ಟಲು ಅವನಿಗೆ ಮನಸ್ಸು ಬರಲಿಲ್ಲ. ದೈವಭಕ್ತಿ ತನ್ನಲ್ಲಿ ಮರಳಿ ಮೂಡಿದ ಮೊದಲ ದಿನಗಳಲ್ಲಿ ಅದೇ ಹಾಡುಗಳನ್ನು ಕೇಳಿ ಕಣ್ಣೀರು ಸುರಿಸಿದುದು ನೆನಪಾಗಿ ಅವನ ತೀರ್ಪು ಸಡಿಲಿತು. ಅಷ್ಟು ಕಠಿಣನಾದ ನ್ಯಾಯಾಧಿಪತಿಯನ್ನೂ ಒಂದು ನೆನಪು ಮೆತ್ತಗೆ ಮಾಡಿತೆಂಬುದನ್ನು ಗಮನಿಸತಕ್ಕದ್ದು.

ಇವರಿಬ್ಬರೂ ಭಯಪಟ್ಟುದು ತಮ್ಮ ಆತ್ಮಕ್ಕಾಗಿ. ಬಾಗಿಲನ್ನು ಮುಂದೆಮಾಡಿದ ಗೃಹಸ್ಥನ ಭಯವು ಬೇರೆ ಜಾತಿಯದು. ಸ್ನೇಹಿತನೊಬ್ಬನು ಒಳಗೆ ಬಂದು ಹುಬ್ಬೇರಿಸಿಯಾನೆಂಬುದೇ ಅವನ ಅಂಜಿಕೆ. ಇದಕ್ಕೆ ಲಜ್ಜೆಯೆಂದು ಹೆಸರೇ ಹೊರತು ಪಾಪಭೀತಿಯೆಂದಲ್ಲ. ಲಜ್ಜೆಯು ನೆರೆಯವನ ಮುಖವನ್ನು ನೋಡುತ್ತದೆ. ಪಾಪಭೀತಿಯು ತನ್ನಿಂದ ನೊಂದವನ ಮುಖವನ್ನು ನೋಡುತ್ತದೆ.

ಆಬ್ಬಾ ತಂಡದ ಕಥೆಯಲ್ಲಿ ಈ ಲಜ್ಜೆಯ ಚರಿತ್ರೆಯೇ ಅಡಗಿದೆ. ಸ್ವೀಡನ್ ದೇಶದ ಈ ನಾಲ್ವರು 1974ರ ಏಪ್ರಿಲ್ 6ರಂದು ಇಂಗ್ಲೆಂಡಿನ ಬ್ರೈಟನ್ ಪಟ್ಟಣದಲ್ಲಿ ನಡೆದ ಯೂರೋಪಿನ ಗೀತಸ್ಪರ್ಧೆಯಲ್ಲಿ ‘ವಾಟರ್‌ಲೂ’ ಎಂಬ ಹಾಡಿನಿಂದ ಗೆದ್ದರು. ಗೆದ್ದ ದೇಶದಲ್ಲಿಯೇ ಮುಂದಿನ ವರ್ಷದ ಸ್ಪರ್ಧೆ ನಡೆಯಬೇಕಾದುದರಿಂದ 1975ರಲ್ಲಿ ಅದು ಸ್ಟಾಕ್‌ಹೋಮಿಗೆ ಬಂದಿತು. ಆಗ ಆ ದೇಶದ ಎಡಪಂಥೀಯ ಸಂಗೀತಗಾರರು, ಇದು ಹಾಡನ್ನು ಅಂಗಡಿಯ ಸರಕಾಗಿ ಮಾಡುವ ವ್ಯಾಪಾರವೆಂದು ಪ್ರತಿಭಟಿಸಿ, ಅದಕ್ಕೆ ಎದುರಾಗಿ ಬೇರೆಯೇ ಒಂದು ಉತ್ಸವವನ್ನು ನಡೆಸಿದರು. ಹೊಳೆಯುವ ಉಡುಪನ್ನು ತೊಟ್ಟು, ಸುಲಭವಾದ ಪದಗಳಲ್ಲಿ ಪ್ರೇಮವನ್ನು ಹಾಡುವ ತಂಡವನ್ನು ಮೆಚ್ಚುವುದು ಅಲ್ಲಿಯ ವಿಚಾರವಂತರಲ್ಲಿ ಬಹಳ ಕಾಲ ಮರ್ಯಾದೆಯ ಕೆಲಸವಾಗಿರಲಿಲ್ಲ. ಇತರ ದೇಶಗಳ ರಾಕ್ ವಿಮರ್ಶಕರಲ್ಲಿಯೂ ಅನೇಕರು ಮೂಗು ಮುರಿದರು.

ಇಷ್ಟಾದರೂ ಆ ಹಾಡುಗಳನ್ನು ಬಿಚ್ಚಿ ನೋಡಿದವರಿಗೆ ಅವುಗಳ ಹಿಂದಿನ ಶ್ರಮವು ಕಾಣದೆ ಇರದು. ಧ್ವನಿಮುದ್ರಣವನ್ನು ನೋಡಿಕೊಳ್ಳುತ್ತಿದ್ದ ಮೈಕೇಲ್ ಟ್ರೆಟೋವ್ ಎಂಬಾತನು ಒಂದೇ ವಾದನವನ್ನು ಎರಡು ಬಾರಿ ಮುದ್ರಿಸಿ, ಎರಡನೆಯ ಬಾರಿ ಟೇಪಿನ ವೇಗವನ್ನು ಕೂದಲೆಳೆಯಷ್ಟು ಬದಲಾಯಿಸಿ, ಎರಡನ್ನೂ ಒಂದರ ಮೇಲೊಂದು ಹೊಂದಿಸುತ್ತಿದ್ದನು. ಆ ಅತ್ಯಲ್ಪ ಅಂತರದಿಂದಲೇ ನಾದಕ್ಕೆ ಒಂದು ಕಾಂತಿಯೂ ಮೈತುಂಬಿದ ಗುಣವೂ ಬರುತ್ತಿದ್ದುವು. 1980ರ ‘ದ ವಿನ್ನರ್ ಟೇಕ್ಸ್ ಇಟ್ ಆಲ್’ ಎಂಬುದನ್ನು ಬರೆದವರಲ್ಲಿ ಒಬ್ಬನು ತಂಡದ ಬ್ಯೋರ್ನ್. ಹಾಡಿದವಳು ಅವನನ್ನು ಆಗತಾನೆ ಅಗಲಿದ್ದ ಹೆಂಡತಿ ಆಗ್ನೆಥಾ. ಅಗಲಿಕೆಯನ್ನು ಕುರಿತು ಅಗಲಿದ ಗಂಡನು ಬರೆದ ಮಾತುಗಳನ್ನು ಅಗಲಿದ ಹೆಂಡತಿಯು ಹಾಡುವಾಗ ಆ ಕಂಠದಲ್ಲಿ ಕೇಳುವುದು ಬರಿಯ ಅಂಗಡಿಯ ಸರಕೆಂದು ಹೇಳುವುದಕ್ಕೆ ಗಟ್ಟಿಯಾದ ಎದೆ ಬೇಕು. ತಂಡದ ಕೆಲಸವು 1982ರಲ್ಲಿ ನಿಂತಿತು. 1992ರ ಸಂಕಲನ, 1999ರಲ್ಲಿ ಲಂಡನ್ನಿನಲ್ಲಿ ಆರಂಭವಾದ ನಾಟಕ, 2010ರಲ್ಲಿ ಅಮೆರಿಕದ ರಾಕ್ ಕೀರ್ತಿಶಾಲೆಯ ಗೌರವ ಇವೆಲ್ಲ ಒಂದರ ಹಿಂದೊಂದು ಬಂದುವು. ಒಂದು ಕಾಲಕ್ಕೆ ಮೂಗು ಮುರಿದವರೂ ತಲೆದೂಗತೊಡಗಿದರು. ಹಾಡುಗಳ ಒಂದು ಸ್ವರವೂ ಬದಲಾಗಿರಲಿಲ್ಲ. ಕಾಲದೊಡನೆ ಹೀಗೆ ತಾನೇ ಕರಗಿಹೋಗುವ ಅಪರಾಧವು ಎಂಥ ಅಪರಾಧ?

ಲಜ್ಜೆಯು ತನ್ನಷ್ಟಕ್ಕೆ ನಿರಪಾಯವಾದುದೆಂದು ತಿಳಿಯುವವರೂ ಉಂಟು. ಅಂಥವರು 1979ರ ಜುಲೈ 12ರ ರಾತ್ರಿಯನ್ನು ನೆನೆಯಬೇಕು. ಅಂದು ಷಿಕಾಗೋ ನಗರದ ಕಾಮಿಸ್ಕಿ ಕ್ರೀಡಾಂಗಣದಲ್ಲಿ ಎರಡು ಬೇಸ್‌ಬಾಲ್ ಪಂದ್ಯಗಳ ನಡುವಿನ ಬಿಡುವಿನಲ್ಲಿ, ಒಬ್ಬ ರೇಡಿಯೋ ನಿರೂಪಕನ ಮುಂದಾಳುತನದಲ್ಲಿ, ಜನರು ತಂದ ಡಿಸ್ಕೋ ತಟ್ಟೆಗಳನ್ನು ಒಂದು ಪೆಟ್ಟಿಗೆಯಲ್ಲಿ ತುಂಬಿ ಸಿಡಿಮದ್ದಿನಿಂದ ಸ್ಫೋಟಿಸಲಾಯಿತು. ಸಾವಿರಾರು ಮಂದಿ ಮೈದಾನಕ್ಕೆ ನುಗ್ಗಿದರು. ಎರಡನೆಯ ಪಂದ್ಯವು ನಡೆಯಲೇ ಇಲ್ಲ. ಡಿಸ್ಕೋ ಬೆಳೆದುದು ಕರಿಯ ಜನರ ಮತ್ತು ಸಲಿಂಗಪ್ರೇಮಿಗಳ ನರ್ತನಶಾಲೆಗಳಲ್ಲಿ. ಆದುದರಿಂದ ಆ ಬೆಂಕಿಯಲ್ಲಿ ಉರಿದುದು ಸಂಗೀತದ ಮೇಲಿನ ಬೇಸರವೊಂದೇ ಅಲ್ಲವೆಂದು ಅನೇಕ ವಿಮರ್ಶಕರು ಅನಂತರ ಎತ್ತಿ ತೋರಿಸಿದರು. ಯಾವ ಹಾಡಿಗೆ ನಾಚಬೇಕೆಂಬುದರ ಹಿಂದೆ ಯಾವ ಜನರನ್ನು ಕೀಳೆಂದು ಎಣಿಸಬೇಕೆಂಬ ಪಾಠವೂ ಕೆಲವು ಸಲ ಗುಟ್ಟಾಗಿ ಅಡಗಿರುವುದುಂಟು.

ಜನರ ರುಚಿಗೆ ಲಜ್ಜೆಯನ್ನು ಕಲಿಸುವ ಕೆಲಸವನ್ನು ಭಾರತದಲ್ಲಿ ಒಮ್ಮೆ ಸರಕಾರವೇ ಕೈಗೊಂಡಿತು. ವಾರ್ತಾ ಮತ್ತು ಪ್ರಸಾರ ಸಚಿವರಾಗಿದ್ದ ಬಿ. ವಿ. ಕೇಸ್ಕರರ ಕಾಲದಲ್ಲಿ, 1952ರ ಸುಮಾರಿಗೆ, ಆಕಾಶವಾಣಿಯಿಂದ ಸಿನಿಮಾ ಹಾಡುಗಳು ಮರೆಯಾದುವು. ಶ್ರೋತೃಗಳು ಶಾಸ್ತ್ರೀಯ ಸಂಗೀತದ ಕಡೆಗೆ ತಿರುಗುವರೆಂಬುದು ಉದ್ದೇಶ. ಅವರು ತಿರುಗಿಸಿದುದು ರೇಡಿಯೋವಿನ ಮುಳ್ಳನ್ನು, ರೇಡಿಯೋ ಸಿಲೋನಿನ ಕಡೆಗೆ. 1957ರಲ್ಲಿ ವಿವಿಧ ಭಾರತಿಯು ಹುಟ್ಟಿ ಆ ಜಗಳವು ಮುಗಿಯಿತು. ಸಚಿವರ ಸಂಗೀತಾಭಿರುಚಿಯು ಕಡಿಮೆಯದೆಂದು ಇದರಿಂದ ಹೇಳಬೇಕಾಗಿಲ್ಲ. ರುಚಿಯನ್ನು ಆಜ್ಞೆಯಿಂದ ಬೆಳೆಸಲಾಗುವುದಿಲ್ಲವೆಂದಷ್ಟೇ.

ಹಾಗಾದರೆ ಎಲ್ಲ ಹಾಡುಗಳೂ ಸಮಾನವೆ? ಬೆಂಥಾಮನು ಸುಖದ ಪ್ರಮಾಣ ಒಂದೇ ಆದರೆ ಮಕ್ಕಳಾಟಕ್ಕೂ ಕಾವ್ಯಕ್ಕೂ ಬೆಲೆಯಲ್ಲಿ ಭೇದವಿಲ್ಲವೆಂದನು. ಮಿಲ್ಲನು ಸುಖಗಳಲ್ಲಿಯೂ ಉಚ್ಚನೀಚಗಳುಂಟೆಂದು ಆ ಮಾತನ್ನು ತಿದ್ದಿದನು. ಈ ವಿವಾದವು ಇಲ್ಲಿ ಹೆಚ್ಚು ಕಾಲ ನಿಲ್ಲಿಸಬೇಕಾದುದಲ್ಲ. ಉತ್ತಮ ರಾಗಾಲಾಪನೆಗೂ ಮೂರು ನಿಮಿಷದ ಕುಣಿತದ ಹಾಡಿಗೂ ತಾರತಮ್ಯವುಂಟು; ಅದನ್ನು ಅರಿಯದವನು ರಸಿಕನಲ್ಲ. ಆದರೆ ಕೆಳಗಿನದು ಕೆಳಗಿನದೆಂದು ತಿಳಿದೂ ಅದರಿಂದ ಸಂತೋಷಪಡುವುದರಲ್ಲಿ ಸುಳ್ಳೇನೂ ಇಲ್ಲ. ಸುಳ್ಳು ಹುಟ್ಟುವುದು ಕಪಾಟಿನ ಹಿಂದಿನ ಸಾಲಿನಲ್ಲಿ. ತನ್ನನ್ನು ಹುಡುಗತನದಲ್ಲಿ ನಗಿಸಿ ಕುಣಿಸಿದ ಹಾಡನ್ನು ದೊಡ್ಡವನಾದ ಮೇಲೆ ಅರಿಯದವನಂತೆ ನಟಿಸುವುದು, ಬಡ ನೆಂಟನನ್ನು ಪೇಟೆಯಲ್ಲಿ ಕಂಡು ಮುಖ ತಿರುಗಿಸಿಕೊಳ್ಳುವುದಕ್ಕೆ ತೀರ ದೂರದ್ದಲ್ಲ. ಫ್ರೆಂಚ್ ಲೇಖಕ ಮಾರ್ಸೆಲ್ ಪ್ರೂಸ್ತನು 1896ರಷ್ಟು ಹಿಂದೆಯೇ ಕೆಟ್ಟ ಸಂಗೀತದ ಪ್ರಶಂಸೆಗೆಂದೇ ಒಂದು ಕಿರುಬರಹವನ್ನು ಮೀಸಲಿಟ್ಟನು. ಕಲೆಯ ಚರಿತ್ರೆಯಲ್ಲಿ ಸ್ಥಾನವಿಲ್ಲದ ಹಾಡಿಗೆ ಜನರ ಭಾವದ ಚರಿತ್ರೆಯಲ್ಲಿ ಬಹು ದೊಡ್ಡ ಸ್ಥಾನವುಂಟೆಂಬುದು ಅದರ ಅಭಿಪ್ರಾಯ. ಮನಶ್ಶಾಸ್ತ್ರಜ್ಞರು ಕಂಡುಕೊಂಡಿರುವುದೂ ಇದಕ್ಕೆ ಒಪ್ಪುತ್ತದೆ: ವಯಸ್ಸಾದವರು ಬಾಳನ್ನು ಹಿಂದಿರುಗಿ ನೋಡುವಾಗ ಸುಮಾರು ಹತ್ತರಿಂದ ಮೂವತ್ತು ವರ್ಷಗಳ ನಡುವಿನ ನೆನಪುಗಳೇ ಹೆಚ್ಚು ದಟ್ಟವಾಗಿ ಬರುತ್ತವೆ, ಆ ವಯಸ್ಸಿನಲ್ಲಿ ಕೇಳಿದ ಹಾಡುಗಳೂ ಅವುಗಳೊಡನೆ ಬರುತ್ತವೆ. ಆ ವಯಸ್ಸಿನಲ್ಲಿ ಕಿವಿಗೆ ಬಿದ್ದುದು ಶ್ರೇಷ್ಠವೇ ಆಗಿರಬೇಕೆಂಬ ನಿಯಮವಿಲ್ಲ.

ಬೋನಿ ಎಂ. ತಂಡದ ವಿಷಯವು ಸ್ವಲ್ಪ ತೊಡಕಿನದು. 1978ರ ‘ರಾಸ್ಪುಟಿನ್’ ಹಾಡಿಗೆ ಮೈಮರೆತು ಕುಣಿದ ಬಾಬಿ ಫ್ಯಾರೆಲನನ್ನು ಕಂಡ ಜನ ಆ ಗಡಸು ಕಂಠವೂ ಅವನದೇ ಎಂದು ನಂಬಿದರು. ಮುದ್ರಣದಲ್ಲಿದ್ದುದು ತಂಡವನ್ನು ಕಟ್ಟಿದ ಫ್ರಾಂಕ್ ಫ್ಯಾರಿಯನ್ ಎಂಬ ಜರ್ಮನನ ಕಂಠ. ಅದೇ ಫ್ಯಾರಿಯನ್ ಕಟ್ಟಿದ ಇನ್ನೊಂದು ತಂಡವಾದ ಮಿಲ್ಲಿ ವ್ಯಾನಿಲ್ಲಿಯಲ್ಲಿ ಈ ಕೈಚಳಕವು ಬಯಲಾಗಿ, ಕೊಟ್ಟಿದ್ದ ಗ್ರ್ಯಾಮಿ ಪ್ರಶಸ್ತಿಯನ್ನು 1990ರಲ್ಲಿ ಹಿಂದಕ್ಕೆ ಪಡೆಯಲಾಯಿತು. ಇಲ್ಲಿ ವಂಚನೆಯುಂಟು. ಆದರೆ ವಂಚಿತನಾದವನು ಕೇಳುಗನೇ. ತಾನು ಮೋಸಹೋದುದಕ್ಕಾಗಿ ತಾನೇ ತಪ್ಪಿತಸ್ಥನೆಂದುಕೊಳ್ಳುವುದು ನ್ಯಾಯವಲ್ಲ. ಅಲ್ಲದೆ ಕುಣಿತವಂತೂ ಫ್ಯಾರೆಲನದೇ ಆಗಿತ್ತು.

ನಿಜವಾದ ಕಷ್ಟವು ಇನ್ನು ಮುಂದಿದೆ. 1972ರಲ್ಲಿ ಗ್ಯಾರಿ ಗ್ಲಿಟರ್ ಎಂಬ ಇಂಗ್ಲಿಷ್ ಗಾಯಕನು ‘ರಾಕ್ ಅಂಡ್ ರೋಲ್’ ಎಂಬ ಎರಡು ಭಾಗಗಳ ಹಾಡನ್ನು ಹೊರತಂದನು. ಎರಡನೆಯ ಭಾಗದಲ್ಲಿ ಮಾತುಗಳೇ ಇಲ್ಲವೆನ್ನಬಹುದು. ಡೋಲಿನ ಬಡಿತ, ನಡುನಡುವೆ ಗುಂಪಿನ ಒಂದು ಕೂಗು. ಅಮೆರಿಕದ ಕ್ರೀಡಾಂಗಣಗಳಲ್ಲಿ ತಮ್ಮ ತಂಡವು ಮುನ್ನಡೆದಾಗಲೆಲ್ಲ ಸಾವಿರಾರು ಕಂಠಗಳು ಆ ಕೂಗನ್ನು ಎತ್ತುತ್ತಿದ್ದುವು. ಮಕ್ಕಳ ಮೇಲಿನ ಅತ್ಯಾಚಾರದ ಚಿತ್ರಗಳನ್ನು ಇಟ್ಟುಕೊಂಡಿದ್ದುದಕ್ಕಾಗಿ 1999ರಲ್ಲಿ ಆ ಗಾಯಕನಿಗೆ ಶಿಕ್ಷೆಯಾಯಿತು. 2006ರಲ್ಲಿ ವಿಯೆಟ್ನಾಮಿನ ನ್ಯಾಯಾಲಯವೂ, ಹಿಂದಿನ ದಶಕಗಳಲ್ಲಿ ಬಾಲಕಿಯರಿಗೆ ಎಸಗಿದ ಅಪರಾಧಗಳಿಗಾಗಿ 2015ರಲ್ಲಿ ಲಂಡನ್ನಿನ ನ್ಯಾಯಾಲಯವೂ ಅವನನ್ನು ದಂಡಿಸಿದುವು. ಕೊನೆಯದು 16 ವರ್ಷಗಳ ಸೆರೆ. 2019ರಲ್ಲಿ ‘ಜೋಕರ್’ ಎಂಬ ಚಲನಚಿತ್ರದಲ್ಲಿ ಅದೇ ಹಾಡು ಕೇಳಿಬಂದಾಗ, ಅದರ ಹಣವು ಯಾರಿಗೆ ಸೇರುವುದೆಂದು ಜನ ಕೇಳಿದರು.

ಇಲ್ಲಿ ನೊಂದವರ ಮುಖಗಳುಂಟು. ಹುಬ್ಬೇರಿಸುವ ಸ್ನೇಹಿತನ ಮಾತು ಇಲ್ಲಿಗೆ ಸಲ್ಲದು. ಕಾಲ ಕಳೆದಂತೆ ಇದು ಕರಗುವುದೂ ಇಲ್ಲ. ಆಬ್ಬಾ ತಂಡದ ಒಂದು ಸುಂದರವಾದ ಹಾಡಿಗೆ ‘ಅಪರಾಧ’ವೆಂಬ ಮಾತನ್ನು ಅರ್ಧ ನಗುತ್ತ ಖರ್ಚುಮಾಡಿದವನಿಗೆ, ಈ ಹಾಡಿನ ಮುಂದೆ ನಿಂತಾಗ ಆಡಲು ಮಾತು ಉಳಿದಿರುವುದಿಲ್ಲ. ಪದವು ಅಗ್ಗವಾದಾಗ ಅದು ಹೊತ್ತಿದ್ದ ತೂಕವೂ ಹೋಗುತ್ತದೆ. ಇದೂ ತನ್ನ ‘ಅಪರಾಧಿಸುಖ’ಗಳಲ್ಲಿ ಒಂದೆಂದು ನಕ್ಕು ಮುಂದೆ ಹೋಗುವವರಿದ್ದಾರೆ.

ಆದರೆ ನಗದೆ ನಿಂತವನ ಪಾಡೇನು? ಬಾಲ್ಯದಲ್ಲಿ ತಂದೆಯ ಹೆಗಲೇರಿ ಕುಳಿತು ಆ ಕೂಗನ್ನು ಕೂಗಿದ ಮಗನೊಬ್ಬನನ್ನು ಊಹಿಸಿಕೊಳ್ಳಬಹುದು. ತಂದೆ ಈಗಿಲ್ಲ. ಆ ಸಂಜೆ, ಆ ಹೆಗಲು, ತಲೆಯ ಮೇಲಿಂದ ಕಂಡ ಹಸುರು ಮೈದಾನ ಇವು ಯಾವುವೂ ಗಾಯಕನ ಸ್ವತ್ತಲ್ಲ. ಅವುಗಳನ್ನು ಕಿತ್ತುಕೊಳ್ಳುವ ಅಧಿಕಾರವು ಯಾವ ನ್ಯಾಯಾಲಯಕ್ಕೂ ಇಲ್ಲ. ಆದರೂ ಅವುಗಳನ್ನು ಹೊತ್ತು ತರುವ ವಾಹನವು ಅದೊಂದೇ ಹಾಡು. ಅದನ್ನು ತಾನಾಗಿ ಹುಡುಕಿ ಹಾಕಿಕೊಂಡು ಕೇಳದಿರುವುದು ಅವನಿಂದ ಸಾಧ್ಯ. ನೊಂದ ಬಾಲಕಿಯರ ಮುಂದೆ ಅಷ್ಟು ಮಾತ್ರದ ತ್ಯಾಗವು ದೊಡ್ಡದೂ ಅಲ್ಲ. ನೆನಪನ್ನು ನಂಬುವುದಕ್ಕೆ ಪ್ರತಿ ಸಲವೂ ಹಾಡು ಬೇಕೆಂದು ಹೇಳುವವನು ನೆನಪಿಗಿಂತ ಹಾಡನ್ನೇ ಹೆಚ್ಚು ಪ್ರೀತಿಸುತ್ತಾನೋ ಏನೋ.

ತಾನಾಗಿ ಬಂದು ಕಿವಿಗೆ ಬಿದ್ದಾಗ ಏನು ಮಾಡಬೇಕೆಂಬುದಕ್ಕೆ ಇಷ್ಟು ಸುಲಭವಾದ ಉತ್ತರವಿಲ್ಲ. 2006ರಲ್ಲಿ ಅಮೆರಿಕದ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಆ ಗಾಯಕನ ಮುದ್ರಣವನ್ನು ಹಾಕಬಾರದೆಂದು ತಂಡಗಳಿಗೆ ತಿಳಿಸಿತು. ಇತರರು ನುಡಿಸಿದ ಪ್ರತಿಯನ್ನು ಕೆಲವು ಕಾಲ ಬಳಸಿದರು. ಬಡಿತವು ಅದೇ, ಕೂಗೂ ಅದೇ. ಮೈದಾನದ ಒಂದು ಮೂಲೆಯಲ್ಲಿ ನಡುವಯಸ್ಸಿನ ಆ ಮಗನು ಎದ್ದು ನಿಂತಿದ್ದಾನೆ, ಸುತ್ತಲಿನವರೆಲ್ಲ ಕೂಗುತ್ತಿದ್ದಾರೆ, ಅವನ ಕೈಯೂ ಅರ್ಧ ಮೇಲಕ್ಕೆದ್ದು, ಅಲ್ಲಿಯೇ ನಿಂತಿದೆ.