ರೋಗಿಯ ಮಾತೂ ಒಂದು ಪ್ರಮಾಣ

ರೋಗಿಯನ್ನು ನೋಡಿ, ಮುಟ್ಟಿ, ಪ್ರಶ್ನೆಮಾಡಿ ಪರೀಕ್ಷಿಸಬೇಕೆಂದು ವಾಗ್ಭಟಾಚಾರ್ಯನು ಅಷ್ಟಾಂಗಹೃದಯದಲ್ಲಿ ವಿಧಿಸಿರುವುದನ್ನು ವಾಚಕರಲ್ಲಿ ಅನೇಕರು ಬಲ್ಲರು. ನೋಡುವ ಕಣ್ಣು ವೈದ್ಯನದು. ಮುಟ್ಟುವ ಕೈಯೂ ವೈದ್ಯನದು. ಪ್ರಶ್ನೆಗೆ ಉತ್ತರ ಕೊಡತಕ್ಕವನು ಮಾತ್ರ ರೋಗಿ. ಕಣ್ಣಿಗೆ ಏನೂ ಕಾಣದೆ, ಕೈಗೆ ಏನೂ ಸಿಕ್ಕದೆ, ರೋಗಿಯು ಮಾತ್ರ “ನನ್ನಿಂದ ಆಗದು” ಎನ್ನುತ್ತಿದ್ದರೆ ಆ ಮಾತಿಗೆ ನಾವು ಎಷ್ಟು ಬೆಲೆ ಕೊಡಬೇಕು? ಇದು ವೈದ್ಯಶಾಸ್ತ್ರದ ಪ್ರಶ್ನೆಯೆಂದು ಮೊದಲು ತೋರಬಹುದು. ವಿಚಾರಮಾಡಿದರೆ ಇದು ಧರ್ಮದ ಪ್ರಶ್ನೆ. ನನಗಂತೂ ಇದು ನಮ್ಮ ಮನೆಯೊಳಗೇ ಎದುರಾಯಿತು.

ನನ್ನ ತಂಗಿಯು ಪಾಠಶಾಲೆಯ ಉಪಾಧ್ಯಾಯಿನಿ. ಕೆಲವು ವರ್ಷಗಳ ಹಿಂದೆ ಆಕೆಗೆ ವಿಚಿತ್ರವಾದ ಒಂದು ಬಳಲಿಕೆ ತೊಡಗಿತು. ಬೆಳಗ್ಗೆ ಎಲ್ಲರಂತೆ ಇರುವಳು. ಮಧ್ಯಾಹ್ನ ಕಳೆಯುತ್ತಲೇ ಒಂದು ಕಣ್ಣಿನ ರೆಪ್ಪೆ ಜೋಲುವುದು, ಒಂದು ದೀಪ ಎರಡಾಗಿ ಕಾಣುವುದು, ರಾತ್ರಿಯ ಊಟದಲ್ಲಿ ಅಗಿಯುತ್ತ ಅಗಿಯುತ್ತ ದವಡೆ ನಿಂತುಹೋಗುವುದು. ಸ್ವಲ್ಪ ಹೊತ್ತು ಮಲಗಿ ಎದ್ದರೆ ಮತ್ತೆ ಮೊದಲಿನಂತೆ. ವೈದ್ಯರ ಬಳಿಗೆ ಹೋಗುತ್ತಿದ್ದುದು ಬೆಳಗಿನ ಹೊತ್ತಿನಲ್ಲಿ. ರಕ್ತಪರೀಕ್ಷೆಯಾಯಿತು, ಮಿದುಳಿನ ಸ್ಕ್ಯಾನ್ ಆಯಿತು, ಎಲ್ಲವೂ ಸರಿಯಾಗಿದೆಯೆಂದರು. ಕಡೆಗೆ ಒಬ್ಬರು, ಇದು ಮನಸ್ಸಿನದು ಎಂದುಬಿಟ್ಟರು. ಅವರನ್ನು ದೂರಿ ಪ್ರಯೋಜನವಿಲ್ಲ. “ಬೆಳಗ್ಗೆ ಇದ್ದ ಶಕ್ತಿ ಕೆಲಸದ ಹೊತ್ತಿಗೆ ಎಲ್ಲಿ ಹೋಗುತ್ತದೆ?” ಎಂದು ಊಟದ ಎಲೆಯ ಮುಂದೆ ಕೇಳಿದವನು ನಾನೇ. ಆಕೆ ಉತ್ತರ ಹೇಳಲಿಲ್ಲ. ಅಂದಿನಿಂದ ತನ್ನ ಕಷ್ಟವನ್ನು ನನ್ನೊಡನೆ ಹೇಳುವುದನ್ನೇ ಬಿಟ್ಟಳು.

ಎರಡು ವರ್ಷಗಳ ಮೇಲೆ ಮತ್ತೊಬ್ಬ ವೈದ್ಯರು ಆಕೆಯ ಮಾತನ್ನು ಪೂರ್ತಿಯಾಗಿ ಕೇಳಿ, “ಹಾಗಾದರೆ ಸಾಯಂಕಾಲ ಬನ್ನಿ” ಎಂದರು. ಹೋದಾಗ, ಒಂದೆರಡು ನಿಮಿಷ ಮೇಲಕ್ಕೇ ನೋಡುತ್ತಿರುವಂತೆ ಹೇಳಿದರು. ರೆಪ್ಪೆ ಮೆಲ್ಲನೆ ಇಳಿಯಿತು. ಅದರ ಮೇಲೆ ಎರಡು ನಿಮಿಷ ಮಂಜುಗಡ್ಡೆಯಿಟ್ಟರು, ರೆಪ್ಪೆ ಎದ್ದಿತು. ಅನಂತರ ರಕ್ತದ ವಿಶೇಷ ಪರೀಕ್ಷೆಯೊಂದು ನಡೆದು ರೋಗದ ಹೆಸರು ನಿಶ್ಚಯವಾಯಿತು: ಮಯಸ್ತೇನಿಯಾ ಗ್ರೇವಿಸ್. ಹೆಸರನ್ನು ಕೇಳಿ ಆಕೆ ಅತ್ತಳು. ಭಯದಿಂದಲೆಂದು ನಾನು ಭಾವಿಸಿದೆ. “ಸುಳ್ಳಾಗಿರಲಿಲ್ಲವಲ್ಲ” ಎಂದಳು.

ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ದ್ರವ್ಯವು ಹೊರಟು ಸ್ನಾಯುವಿನ ಮೇಲಣ ಗ್ರಾಹಕಗಳನ್ನು ಮುಟ್ಟಿದಾಗ ಸ್ನಾಯು ಕೆಲಸಮಾಡುತ್ತದೆ. ದೇಹವನ್ನು ರೋಗಾಣುಗಳಿಂದ ಕಾಯಬೇಕಾದ ಪ್ರತಿಕಾಯಗಳೇ ಈ ರೋಗದಲ್ಲಿ ಆ ಗ್ರಾಹಕಗಳನ್ನು ಕೆಡಿಸುತ್ತವೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದಂತೆಲ್ಲ ಹೊರಡುವ ದ್ರವ್ಯವು ತಗ್ಗುವುದು ಎಲ್ಲರಲ್ಲಿಯೂ ಸಹಜ. ಗ್ರಾಹಕಗಳು ಕಡಮೆಯಾದವರಲ್ಲಿ ಅಷ್ಟಕ್ಕೇ ಸ್ನಾಯು ಸೋಲುತ್ತದೆ. ಬೆಳಗಿಗೂ ಸಂಜೆಗೂ ಇದ್ದ ಯಾವ ವ್ಯತ್ಯಾಸವನ್ನು ನಾವು ಕಪಟದ ಗುರುತೆಂದು ಬಗೆದೆವೋ ಅದೇ ರೋಗದ ಗುರುತಾಗಿತ್ತು.

1672ರಲ್ಲಿಯೇ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್, ಬಹಳ ಹೊತ್ತು ಮಾತಾಡಿದ ಮೇಲೆ ಮಾತೇ ಹೊರಡದಂತಾಗುತ್ತಿದ್ದ ಒಬ್ಬ ಸ್ತ್ರೀಯ ವೃತ್ತಾಂತವನ್ನು ಬರೆದಿಟ್ಟರು. ಅದು ಇದೇ ರೋಗವೆಂದು ಇಂದಿನವರು ಎಣಿಸುತ್ತಾರೆ. 1895ರಲ್ಲಿ ಬರ್ಲಿನ್ನಿನ ಫ್ರೀಡ್ರಿಶ್ ಯೋಲಿ ರೋಗಕ್ಕೆ ಈ ಹೆಸರನ್ನಿಟ್ಟು, ‘ಹುಸಿ ಲಕ್ವ’ ಎಂಬರ್ಥದ ಪದವನ್ನೂ ಅದಕ್ಕೆ ಸೇರಿಸಿದರು. 1934ರಲ್ಲಿ ಲಂಡನ್ನಿನ ಗ್ರೀನಿಚ್‌ನ ಆಸ್ಪತ್ರೆಯೊಂದರಲ್ಲಿ ಮೇರಿ ವಾಕರ್ ಎಂಬ ವೈದ್ಯೆಯು, ಈ ಬಲಹೀನತೆ ಕ್ಯುರಾರೆ ವಿಷದ ಪರಿಣಾಮವನ್ನು ಹೋಲುವುದನ್ನು ಆಲೋಚಿಸಿ, ಆ ವಿಷಕ್ಕೆ ಪ್ರತಿಯಾದ ಫೈಸೋಸ್ಟಿಗ್ಮಿನ್ ಚುಚ್ಚುಮದ್ದನ್ನು ಕೊಟ್ಟರು. ಜೋತ ರೆಪ್ಪೆಗಳು ಎದ್ದವು. 1960ರಲ್ಲಿ ಜಾನ್ ಸಿಂಪ್ಸನ್, ದೇಹವು ತನ್ನನ್ನೇ ಎದುರಿಸುತ್ತಿರಬೇಕೆಂದು ಊಹಿಸಿದರು. 1973ರಲ್ಲಿ ಅಮೆರಿಕದ ಪ್ಯಾಟ್ರಿಕ್ ಮತ್ತು ಲಿಂಡ್‌ಸ್ಟ್ರಾಮ್ ವಿದ್ಯುನ್ಮೀನಿನ ಗ್ರಾಹಕವನ್ನು ಮೊಲಗಳಿಗೆ ಚುಚ್ಚಲು, ಮೊಲಗಳೂ ಹಾಗೆಯೇ ಸೋತು ಬಿದ್ದವು. ಆ ಸ್ತ್ರೀಯ ಕಷ್ಟಕ್ಕೆ ಕಾರಣ ದೊರೆಯಲು ಮುನ್ನೂರು ವರ್ಷ ಹಿಡಿಯಿತು. ಆದರೆ ಕಷ್ಟವು ಮೊದಲ ದಿನವೇ ನಿಜವಾಗಿತ್ತು.

ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯೆಂಬ ಪ್ರಮಾಣವನ್ನು ಒಪ್ಪುತ್ತಾರೆ. ಎಂದರೆ, ಕಾಣದಿರುವುದರಿಂದ ಇಲ್ಲವೆಂದು ತಿಳಿಯುವುದು. ಆದರೆ ಅದಕ್ಕೆ ಯೋಗ್ಯತೆಯೆಂಬ ಕಟ್ಟು ಹಾಕಿದ್ದಾರೆ. ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಇಲ್ಲವೆನ್ನಬಹುದು. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದು ಗಡಿಗೆಯೇ ಇಲ್ಲವೆನ್ನಲಾಗದು. ಸಂಜೆಯ ರೋಗವನ್ನು ಬೆಳಗ್ಗೆ ಹುಡುಕಿದ ನಾವು ಮಾಡಿದುದು ಇದನ್ನೇ. ಈ ರೋಗದ ಮುಖ್ಯವಾದ ರಕ್ತಪರೀಕ್ಷೆಯೂ 100 ರೋಗಿಗಳಲ್ಲಿ ಸುಮಾರು 15 ಮಂದಿಯಲ್ಲಿ ಏನನ್ನೂ ತೋರಿಸದು. ಅಂಥವರಲ್ಲಿ ಕೆಲವರಿಗೆ ಬೇರೊಂದು ಪ್ರತಿಕಾಯವಿರುವುದು 2001ರಲ್ಲಿ ತಿಳಿದುಬಂದಿತು.

ಹೇಳಿದುದನ್ನೆಲ್ಲ ನಂಬಬೇಕೆ ಎಂದು ಕೇಳಬಹುದು. ಬಳಲಿದವರಿಗೆಲ್ಲ ಅಪೂರ್ವ ರೋಗವಿರುವುದಿಲ್ಲ; ಇಲ್ಲದ ರೋಗಕ್ಕೆ ಕೊಟ್ಟ ಔಷಧವೂ ಕೇಡೇ. ಆದರೆ ರೋಗಿಯ ಮಾತಿನಲ್ಲಿ ಅನುಭವ, ಕಾರಣ ಎಂಬ ಎರಡು ಭಾಗಗಳುಂಟು. ಕಾರಣದ ವಿಷಯದಲ್ಲಿ ಆತನು ತಪ್ಪಬಹುದು. ಅನುಭವದ ವಿಷಯದಲ್ಲಿ ಆತನಿಗಿಂತ ಹತ್ತಿರದ ಸಾಕ್ಷಿಯಿಲ್ಲ. “ನನಗೆ ಇನ್ನೂ ತಿಳಿಯಲಿಲ್ಲ” ಎಂಬ ವೈದ್ಯನ ಮಾತಿನಿಂದ ಹುಡುಕಾಟ ಮುಂದುವರಿಯುತ್ತದೆ. “ನಿನಗೆ ಏನೂ ಇಲ್ಲ” ಎಂಬುದರಿಂದ ನಿಂತುಹೋಗುತ್ತದೆ. ಈ ರೋಗವು ಉಸಿರಾಟದ ಸ್ನಾಯುಗಳಿಗೂ ತಗಲಬಹುದು. ಕೆಲವು ಆಂಟಿಬಯಾಟಿಕ್ ಔಷಧಗಳಿಂದಲೇ ಉಲ್ಬಣಿಸಬಹುದು. ಹುಡುಕಾಟ ನಿಂತರೆ ಹೋಗುವುದು ಪ್ರಾಣ.

ತಂಗಿಯು ಈಗ ಪಿರಿಡೋಸ್ಟಿಗ್ಮಿನ್ ಗುಳಿಗೆಯನ್ನೂ ಪ್ರತಿಕಾಯಗಳನ್ನು ತಗ್ಗಿಸುವ ಔಷಧವನ್ನೂ ಸೇವಿಸುತ್ತ ಮತ್ತೆ ಪಾಠ ಹೇಳುತ್ತಿದ್ದಾಳೆ. ಆ ಎರಡು ವರ್ಷಗಳಲ್ಲಿ ಔಷಧ ಕೊಡುವುದು ನನ್ನ ಕೈಯಲ್ಲಿರಲಿಲ್ಲ. ನಂಬುವುದು ನನ್ನ ಕೈಯಲ್ಲಿತ್ತು. ಇದನ್ನು ಓದುವ ಮನೆಗಳಲ್ಲಿ ಯಾರಾದರೂ “ನನ್ನಿಂದ ಆಗದು” ಎನ್ನುತ್ತಿದ್ದರೆ, ಇಂದು ಸಂಜೆ ಅವರ ಬಳಿ ಕುಳಿತು ಪೂರ್ತಿಯಾಗಿ ಕೇಳಬೇಕೆಂದು ನನ್ನ ಪ್ರಾರ್ಥನೆ.