ಕೋಳಿಮರಿಯ ಪೆಟ್ಟಿಗೆಯೂ ಒಂದು ಅಮಾನತ್



ಕೋಳಿಮರಿಗೂ ಪರಲೋಕದ ವಿಚಾರಣೆಗೂ ಏನು ಸಂಬಂಧವೆಂದು ಕೇಳಬೇಡಿ. ನಮಾಝ್, ಉಪವಾಸ, ಝಕಾತ್‌ಗಳ ಕುರಿತು ನೀವು ಬಹಳಷ್ಟು ಓದಿದ್ದೀರಿ, ಕೇಳಿದ್ದೀರಿ. ಇಂದು ಒಂದು ರಟ್ಟಿನ ಪೆಟ್ಟಿಗೆಯ ಕುರಿತು ಬರೆಯುತ್ತೇನೆ. ಸುತ್ತಲೂ ತೂತುಗಳಿರುವ, ಒಳಗೆ ನೂರು ಮರಿಗಳು ಚಿಂವ್‌ಗುಟ್ಟುವ ಆ ಪೆಟ್ಟಿಗೆಯನ್ನು ನೀವೂ ಕಂಡಿರಬಹುದು. ಅರಬೈಲ್ ಘಟ್ಟ ಇಳಿದು ಅಂಕೋಲೆಗೂ ಕಾರವಾರಕ್ಕೂ ಅದು ಬರುತ್ತದೆ. ಅದರ ವಿಷಯದಲ್ಲಿ ನಾನೊಮ್ಮೆ ತಪ್ಪು ಸಲಹೆ ಕೊಟ್ಟೆ. ನನ್ನ ತಪ್ಪು ನಿಮಗೆ ಪಾಠವಾಗಲಿ ಎಂಬುದೇ ಈ ಬರಹದ ಉದ್ದೇಶ.

ಕೆಲವು ವರ್ಷಗಳ ಹಿಂದಿನ ಮಾತು. ಮಳೆಗಾಲ ಮುಗಿಯುತ್ತಿತ್ತು. ಇಶಾ ನಮಾಝಿನ ಬಳಿಕ ಅಂಕೋಲೆ ಕಡೆಯ ಒಬ್ಬ ಯುವಕ ಮಸೀದಿಯ ಮೆಟ್ಟಿಲ ಬಳಿ ನನಗಾಗಿ ಕಾದು ನಿಂತಿದ್ದ. ದೂರದ ಹ್ಯಾಚರಿಯೊಂದರಿಂದ ಮರಿ ತರಿಸಿ, ಎರಡು ಮೂರು ವಾರ ಮನೆಯಲ್ಲಿ ಸಾಕಿ, ಸ್ಕೂಟರಿನ ಹಿಂದೆ ಕಟ್ಟಿಕೊಂಡು ಹಳ್ಳಿ ಹಳ್ಳಿಗೆ ಮಾರುವುದು ಅವನ ಕಸುಬು. ಆ ಸಲ ಸಾಲ ಮಾಡಿ ಮುನ್ನೂರು ಮರಿ ತರಿಸಿದ್ದ. ಮೂವತ್ತು ಸತ್ತಿದ್ದವು. ಉಳಿದವುಗಳಲ್ಲಿ ಕೆಲವು ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು. ಹ್ಯಾಚರಿಗೆ ಫೋನ್ ಮಾಡಿದರೆ, ‘ಲಸಿಕೆ ಹಾಕಿಯೇ ಕಳಿಸಿದ್ದೇವೆ, ಬೇಗ ಮಾರಿ ಮುಗಿಸು’ ಎಂದರಂತೆ.

‘ಮೌಲಾನಾ, ಇವನ್ನು ಮಾರಿದರೆ ಗುನಾಹ್ ಆಗ್ತದಾ?’ ಎಂದು ಕೇಳಿದ.

ನನಗೆ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಪ್ರವಾದಿವರ್ಯರು(ಸ) ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಯೊಂದರೊಳಗೆ ಕೈ ಹಾಕಿ ನೋಡಿದ ಘಟನೆ ನಿಮಗೆ ತಿಳಿದಿದೆ. ಮೇಲೆ ಒಣಗಿದ ಧಾನ್ಯ, ಒಳಗೆ ಒದ್ದೆ. ಮಳೆಯಲ್ಲಿ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವಂತೆ ಒದ್ದೆ ಧಾನ್ಯವನ್ನು ಮೇಲೇಕೆ ಇಡಲಿಲ್ಲವೆಂದು ಪ್ರಶ್ನಿಸಿದರು. ವಂಚಿಸುವವನು ನಮ್ಮವನಲ್ಲವೆಂದು ಎಚ್ಚರಿಸಿದರು. ಇದನ್ನು ಯುವಕನಿಗೆ ವಿವರಿಸಿ, ‘ಕುಂದನ್ನು ಮುಚ್ಚಿಡಬೇಡ. ಹೇಳಿ ಮಾರು, ಬೆಲೆ ಇಳಿಸು. ಅಷ್ಟಾದರೆ ನಿನ್ನ ಮೇಲೆ ದೋಷವಿಲ್ಲ’ ಎಂದೆ. ಪಾಪ, ಅವನು ಹಾಗೆಯೇ ಮಾಡಿದ. ಈ ಕಂತಿನಲ್ಲಿ ಕೆಲವು ಸತ್ತಿವೆ ಎಂದು ಹೇಳಿಯೇ ಅರ್ಧ ಬೆಲೆಗೆ ಮಾರಿದ. ಅಗ್ಗವೆಂದು ಬಡವರೇ ಕೊಂಡರು.

ಹತ್ತು ದಿನಗಳೊಳಗೆ ಒಂದು ಇಡೀ ಕೇರಿಯ ಕೋಳಿಗಳು ಕುತ್ತಿಗೆ ತಿರುಚಿಕೊಂಡು, ಹಸಿರು ಭೇದಿ ಮಾಡಿಕೊಂಡು ಸತ್ತವು. ಪಶು ಆಸ್ಪತ್ರೆಯ ವೈದ್ಯರು ನೋಡಿ ರಾಣಿಖೇತ್ ಎಂದರು. ಆ ಕೇರಿಯಲ್ಲಿ ಹಾಲಕ್ಕಿ ಒಕ್ಕಲಿಗರ ಒಬ್ಬ ಅಜ್ಜಿ ಇದ್ದರು. ಹದಿನೈದು ಊರಕೋಳಿಗಳು, ಅವುಗಳಲ್ಲಿ ಒಂದು ಮೊಟ್ಟೆಯ ಮೇಲೆ ಕಾವು ಕೂತಿತ್ತು. ಮೊಮ್ಮಗಳ ಪಟ್ಟಿ ಪುಸ್ತಕದ ಖರ್ಚೆಲ್ಲ ಮೊಟ್ಟೆಯಿಂದಲೇ. ಒಂದೂ ಉಳಿಯಲಿಲ್ಲ. ಆ ಮಗು ನನ್ನ ವಿದ್ಯಾರ್ಥಿನಿ. ನಾನು ಅವರ ಮನೆಗೆ ಹೋದಾಗ ಅಜ್ಜಿ ಬೈಯಲಿಲ್ಲ. ‘ಮಾಸ್ತರ್ರೇ, ನಾನು ಯಾರ ಹತ್ರನೂ ಮರಿ ತಕಂಡಿರ್ಲಿಲ್ಲ’ ಎಂದಷ್ಟೇ ಹೇಳಿದರು.

ನನ್ನ ಫತ್ವಾದ ತೂತು ಆ ಒಂದು ಮಾತಿನಲ್ಲಿ ಕಂಡಿತು.

ಹೇಳಿ ಮಾರಿದರೆ ಸಾಕೇ?

ಒದ್ದೆಯಾದ ಧಾನ್ಯದ ನಷ್ಟ ಕೊಂಡವನಿಗೆ ಮಾತ್ರ. ಅವನು ತಿಳಿದೂ ಒಪ್ಪಿದರೆ ವ್ಯವಹಾರ ಅಲ್ಲಿಗೆ ಮುಗಿಯಿತು. ಒಂದು ಮನೆಯ ಒದ್ದೆ ಧಾನ್ಯ ಪಕ್ಕದ ಮನೆಯ ಕಣಜವನ್ನು ಕೆಡಿಸಲು ನಡೆದುಕೊಂಡು ಹೋಗುವುದಿಲ್ಲ. ಅಂಟುರೋಗ ಹೋಗುತ್ತದೆ. ಅದು ಬೇಲಿ ದಾಟುತ್ತದೆ, ಚಪ್ಪಲಿಗೆ ಅಂಟುತ್ತದೆ, ಖಾಲಿ ಪೆಟ್ಟಿಗೆಯಲ್ಲಿ ಕೂತು ಮುಂದಿನ ಊರಿಗೆ ಪ್ರಯಾಣ ಮಾಡುತ್ತದೆ. ಮಾರುವವನೂ ಕೊಳ್ಳುವವನೂ ಒಪ್ಪಿರಬಹುದು. ನೆರೆಮನೆಯ ಅಜ್ಜಿಯ ಒಪ್ಪಿಗೆ ಪಡೆದವರು ಯಾರು?

ಇಂತಹ ಕುಂದಿಗೆ ಪ್ರವಾದಿವರ್ಯರು(ಸ) ಬೇರೆಯೇ ಆದ ನಿಯಮ ಕೊಟ್ಟಿದ್ದಾರೆ. ರೋಗಪೀಡಿತ ಒಂಟೆಗಳ ಒಡೆಯನು ಅವುಗಳನ್ನು ಆರೋಗ್ಯವಂತ ಒಂಟೆಗಳ ಬಳಿ ಒಯ್ಯಬಾರದೆಂಬ ಆಜ್ಞೆ ಬುಖಾರಿ ಮತ್ತು ಮುಸ್ಲಿಮ್ ಎರಡೂ ಸಂಗ್ರಹಗಳಲ್ಲಿದೆ. ಇಲ್ಲಿ ಹೊಣೆ ಯಾರ ಮೇಲಿದೆಯೆಂದು ಗಮನಿಸಿರಿ. ಆರೋಗ್ಯವಂತ ಹಿಂಡಿನವನು ಓಡಿಹೋಗಲಿ ಎಂದಿಲ್ಲ. ರೋಗದ ಹಿಂಡಿನವನು ತಡೆಯಲಿ ಎಂದಿದೆ. ತಿಳಿಸಿ ಒಯ್ಯಬಹುದು ಎಂಬ ವಿನಾಯಿತಿಯೂ ಇಲ್ಲ. ಮದ್ರಸದಲ್ಲಿ ಈ ಹದೀಸನ್ನು ನಾನು ಓದಿದ್ದೆ. ಆ ರಾತ್ರಿ ಮಸೀದಿಯ ಮೆಟ್ಟಿಲಲ್ಲಿ ಅದು ನೆನಪಿಗೆ ಬರಲಿಲ್ಲ.

ರೋಗ ಎಲ್ಲಿಂದ ಬರುತ್ತದೆ?

ಈ ರೋಗ 1926ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ಪಟ್ಟಣದ ಬಳಿಯೂ ಜಾವಾ ದ್ವೀಪದಲ್ಲಿಯೂ ಗುರುತಿಸಲ್ಪಟ್ಟಿತು. ಅದೇ ದಶಕದಲ್ಲಿ ನಮ್ಮ ದೇಶದ ಕುಮಾವೂಂ ಬೆಟ್ಟಗಳ ರಾಣಿಖೇತ್‌ನಲ್ಲಿ ಕಾಣಿಸಿಕೊಂಡು ಆ ಊರಿನ ಹೆಸರನ್ನೇ ಪಡೆಯಿತು. ನಮ್ಮ ಕೃಷಿ ಪುಸ್ತಕಗಳಲ್ಲಿ ಇದಕ್ಕೆ ಕೊಕ್ಕರೆ ರೋಗವೆಂಬ ಹೆಸರೂ ಇದೆ. ಲಸಿಕೆ ಕಾಣದ ಹಿಂಡಿನಲ್ಲಿ ಹೆಚ್ಚುಕಡಿಮೆ ಎಲ್ಲ ಕೋಳಿಗಳನ್ನೂ ಇದು ಕೊಲ್ಲಬಲ್ಲದು. ಬಂದ ಮೇಲೆ ಔಷಧವಿಲ್ಲ. ಬರುವ ಮೊದಲು ಲಸಿಕೆ ಇದೆ: ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ಕೆಲವು ವಾರಗಳ ಬಳಿಕ ಮತ್ತೊಮ್ಮೆ, ದೊಡ್ಡದಾದ ಮೇಲೆ ಚುಚ್ಚುಮದ್ದು.

ಹಾಗಾದರೆ ಲಸಿಕೆ ಹಾಕಿದ್ದೇವೆಂದು ಹ್ಯಾಚರಿಯವರು ಹೇಳಿದ್ದು ಸುಳ್ಳೇ? ಅಲ್ಲ. ಹ್ಯಾಚರಿಯಲ್ಲಿ ಒಂದು ದಿನದ ಮರಿಗೆ ಸಾಮಾನ್ಯವಾಗಿ ಚುಚ್ಚುವುದು ಮಾರೆಕ್ಸ್ ಎಂಬ ಬೇರೊಂದು ರೋಗದ ಲಸಿಕೆ. ಅದನ್ನು ಹಾಕಿದ್ದರು. ರಾಣಿಖೇತ್‌ನದು ಆಮೇಲೆ ಹಾಕಬೇಕಾದದ್ದು. ಅದನ್ನು ಯಾರೂ ಹೇಳಲಿಲ್ಲ. ಯುವಕನು ಎಲ್ಲ ರೋಗಕ್ಕೂ ಒಂದೇ ಲಸಿಕೆ ಎಂದು ನಂಬಿದ. ನಾಲಿಗೆ ಸತ್ಯವನ್ನೇ ನುಡಿದು ಕೇಳುವವನ ಮನಸ್ಸಿನಲ್ಲಿ ಸುಳ್ಳನ್ನು ಬಿತ್ತಿದರೆ ಅದನ್ನು ಸತ್ಯಸಂಧತೆ ಎನ್ನಲು ಸಾಧ್ಯವೇ?

ಹ್ಯಾಚರಿಯ ಹೊಣೆ ಇನ್ನೂ ಆಳವಾದದ್ದು. ಮೊಟ್ಟೆ ಮರಿಯಾಗಲು 21 ದಿನ ಬೇಕು. ತಾಯಿಕೋಳಿ ಒಂದು ಸಲಕ್ಕೆ ಹತ್ತು ಹನ್ನೆರಡು ಮೊಟ್ಟೆಗೆ ಕಾವು ಕೊಟ್ಟರೆ ಯಂತ್ರವು ಸಾವಿರಾರಕ್ಕೆ ಕೊಡುತ್ತದೆ. ಪುಲ್ಲೋರಂ ಎಂಬ ಬಿಳಿಭೇದಿ ರೋಗವಿದೆ. ಅದನ್ನು ಹೊತ್ತ ತಾಯಿಕೋಳಿ ನೋಡಲು ಚೆನ್ನಾಗಿಯೇ ಇರುತ್ತದೆ. ರೋಗಾಣು ಮೊಟ್ಟೆಯೊಳಗೆ ಹೋಗುತ್ತದೆ. ಅಂತಹ ಒಂದು ಮರಿ ಯಂತ್ರದೊಳಗೆ ಒಡೆದು ಬಂದರೆ ಅದರ ನವಿರು ಪುಕ್ಕದ ಧೂಳಿನಿಂದಲೇ ಸುತ್ತಲಿನ ಮರಿಗಳಿಗೆ ಅಂಟುತ್ತದೆ. ಒಂದು ಮೊಟ್ಟೆಯ ರೋಗ ನೂರು ಪೆಟ್ಟಿಗೆಗಳಲ್ಲಿ ನೂರು ಊರುಗಳಿಗೆ ಹೋಗುತ್ತದೆ. ಇದನ್ನು ತಡೆಯುವ ದಾರಿಯೂ ಕಷ್ಟದ್ದಲ್ಲ. ತಾಯಿಕೋಳಿಯ ಒಂದು ಹನಿ ರಕ್ತ ಪರೀಕ್ಷಿಸಿ ರೋಗವಿದ್ದದ್ದನ್ನು ತೆಗೆದುಹಾಕಬೇಕು, ಯಂತ್ರವನ್ನು ಪ್ರತಿ ಕಂತಿಗೂ ತೊಳೆದು ಹೊಗೆ ಹಾಕಿ ಶುದ್ಧಮಾಡಬೇಕು. ಅಮೆರಿಕದಲ್ಲಿ 1935ರಲ್ಲಿ ಹ್ಯಾಚರಿಗಳೂ ಸರಕಾರವೂ ಕೂಡಿ ಈ ಕೆಲಸವನ್ನು ಆರಂಭಿಸಿ, ವಾಣಿಜ್ಯ ಹಿಂಡುಗಳಿಂದ ಆ ರೋಗವನ್ನು ಬಹುಮಟ್ಟಿಗೆ ನಿರ್ಮೂಲ ಮಾಡಿದರು.

ಕೊಳ್ಳುವವನಿಗೆ ಮರಿಯ ಹೊಟ್ಟೆಯೊಳಗೆ ಏನಿದೆಯೆಂದು ಕಾಣದು. ಕಾಣದ್ದನ್ನು ಬಲ್ಲವನು ಹ್ಯಾಚರಿಯವನೊಬ್ಬನೇ. ಬಲ್ಲವನ ಮೇಲೆ ಬಲ್ಲಷ್ಟು ಹೊಣೆ. ಇದನ್ನೇ ನಾವು ಅಮಾನತ್ ಎನ್ನುತ್ತೇವೆ.

ತವಕ್ಕುಲ್ ಎಂಬ ನೆವ

‘ಸಾವು ಬದುಕು ಅಲ್ಲಾಹನ ಕೈಯಲ್ಲಿದೆ. ರೋಗ ಅಂಟುವುದಿಲ್ಲವೆಂದು ಹದೀಸಿನಲ್ಲೇ ಇದೆಯಲ್ಲ’ ಎಂದು ಕೆಲವರು ಹೇಳುವುದುಂಟು. ಆ ಮಾತು ಹದೀಸಿನಲ್ಲಿದೆ ನಿಜ. ಆದರೆ ರೋಗದ ಒಂಟೆಯನ್ನು ಹಿಂಡಿನೊಳಗೆ ಒಯ್ಯಬೇಡಿ ಎಂದವರೂ ಅದೇ ಪ್ರವಾದಿವರ್ಯರು(ಸ). ಎರಡನ್ನೂ ಕೂಡಿಸಿ ಓದಿದ ವಿದ್ವಾಂಸರು ಹೀಗೆ ವಿವರಿಸಿದ್ದಾರೆ: ರೋಗಕ್ಕೆ ದೇವನ ಅಪ್ಪಣೆ ಮೀರಿದ ಸ್ವಂತ ಶಕ್ತಿಯಿಲ್ಲ; ಆದರೆ ಅವನೇ ಇಟ್ಟ ಕಾರಣಗಳನ್ನು ಕಡೆಗಣಿಸಲು ನಮಗೆ ಅಧಿಕಾರವಿಲ್ಲ. ಶಾಮ್ ನಾಡಿನಲ್ಲಿ ಪ್ಲೇಗ್ ಹಬ್ಬಿದ ಸುದ್ದಿ ಕೇಳಿ ಹ. ಉಮರ್(ರ) ದಾರಿಯಿಂದಲೇ ಹಿಂದಿರುಗಿದರು. ವಿಧಿಯಿಂದ ಓಡುವುದೇ ಎಂದು ಕೇಳಿದವರಿಗೆ, ದೇವನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬ ಅರ್ಥದ ಉತ್ತರ ಕೊಟ್ಟರು. ನಮ್ಮ ಸ್ವಂತ ಹಣ ಕಳೆದಾಗ ನಾವು ಪೊಲೀಸ್ ಠಾಣೆಗೆ ಓಡುತ್ತೇವೆ. ನೆರೆಯವನ ಕೋಳಿ ಸತ್ತಾಗ ಮಾತ್ರ ವಿಧಿಯ ನೆನಪಾಗುತ್ತದೆ. ಇದು ಎಂತಹ ತವಕ್ಕುಲ್?

ಮುಚ್ಚಿಡುವುದರಿಂದ ಆಗುವ ಕೇಡು

ರೋಗ ಬರುವುದು ನಾಚಿಕೆಯ ವಿಷಯವಲ್ಲ. 2012ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಳಿ ಹೆಸರಘಟ್ಟದಲ್ಲಿರುವ ಕೇಂದ್ರ ಸರಕಾರದ ಕುಕ್ಕುಟ ಅಭಿವೃದ್ಧಿ ಸಂಸ್ಥೆಯಲ್ಲೇ ಟರ್ಕಿ ಕೋಳಿಗಳು ಸತ್ತವು. ಕೋಳಿ ಸಾಕಣೆಯನ್ನು ಕಲಿಸುವ ಜಾಗವದು. ಭೋಪಾಲದ ಪ್ರಯೋಗಾಲಯ ಹಕ್ಕಿಜ್ವರವೆಂದು ದೃಢಪಡಿಸಿದ ಮೇಲೆ ಅಲ್ಲಿನ ಸಾವಿರಾರು ಹಕ್ಕಿಗಳನ್ನು ಕೊಂದು ಹೂಳಲಾಯಿತು. ಬಲ್ಲವರ ಮನೆಗೂ ರೋಗ ಬರುತ್ತದೆ. ಅದಕ್ಕೂ ಮೊದಲು, 2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ದೇಶದ ಮೊದಲ ಹಕ್ಕಿಜ್ವರ ಪತ್ತೆಯಾದಾಗ, ಆರಂಭದಲ್ಲಿ ಸತ್ತ ಕೋಳಿಗಳಿಗೆ ರಾಣಿಖೇತ್ ಎಂದೇ ಭಾವಿಸಲಾಗಿತ್ತು. ಹೊರಗಿನಿಂದ ನೋಡಿದರೆ ಎರಡೂ ಒಂದೇ ರೀತಿ ಕಾಣುತ್ತವೆ. ಆದರೆ ಹಕ್ಕಿಜ್ವರ ಮನುಷ್ಯರನ್ನೂ ಕೊಲ್ಲಬಲ್ಲದು. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ 18 ಮಂದಿಗೆ ತಗುಲಿ 6 ಮಂದಿ ತೀರಿಕೊಂಡರು. ಆದ್ದರಿಂದ ‘ಇದು ಬರೀ ರಾಣಿಖೇತ್’ ಎಂದು ನಾವೇ ತೀರ್ಮಾನಿಸಿ ಸುಮ್ಮನಿರುವ ಅಧಿಕಾರ ನಮಗಿಲ್ಲ.

2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆಯೂ, ರೋಗದ ಸಂಶಯ ಬಂದೊಡನೆ ತಿಳಿಸುವುದು ಸಾಕುವವನ ಕರ್ತವ್ಯವೆಂದೇ ಹೇಳುತ್ತದೆ. ಹಕ್ಕಿಜ್ವರದಲ್ಲಿ ಸರಕಾರ ಕೊಲ್ಲಿಸಿದ ಹಕ್ಕಿಗೆ ಪರಿಹಾರವುಂಟು. ಅದಕ್ಕೆ ಮೊದಲೇ ಸತ್ತದ್ದಕ್ಕೆ ಇಲ್ಲ. ಮುಚ್ಚಿಟ್ಟವನು ಇಹದಲ್ಲೂ ನಷ್ಟ ಹೊಂದುತ್ತಾನೆ.

ಮುಚ್ಚಿಡುವವರಲ್ಲಿ ಇನ್ನೊಂದು ಬಗೆಯವರಿದ್ದಾರೆ. ಕೋಳಿ ತೂಕಡಿಸತೊಡಗಿದೊಡನೆ, ಸಾಯುವ ಮೊದಲೇ ಕತ್ತಿಗೆ ಕೊಟ್ಟು ಮಾಂಸ ಮಾರುವವರು. ತಾನಾಗಿ ಸತ್ತದ್ದು ಹರಾಮ್ ಎಂಬುದು ನಮ್ಮ ಮಕ್ಕಳಿಗೂ ಗೊತ್ತು. ಉಸಿರಿರುವಾಗ ಬಿಸ್ಮಿಲ್ಲಾಹ್ ಹೇಳಿದೆನಲ್ಲ ಎಂದು ಇವರ ವಾದ. ಬಿಸ್ಮಿಲ್ಲಾಹ್ ಎಂಬುದು ವಂಚನೆಯನ್ನು ಹಲಾಲ್ ಮಾಡುವ ಮಂತ್ರವಲ್ಲ. ರೋಗವನ್ನು ಮರೆಮಾಡಿ, ತಿನ್ನುವವನ ಪ್ರಾಣಕ್ಕೂ ಅಪಾಯ ತಂದು ಗಳಿಸಿದ ಹಣ ಎಂತಹ ರಿಝ್ಕ್?

ಗಾಳಿಸುದ್ದಿ ಹಬ್ಬಿಸುವುದೂ ಅಷ್ಟೇ ದೊಡ್ಡ ಕೇಡು. 2020ರ ಮಾರ್ಚ್‌ನಲ್ಲಿ ಕೋಳಿಯಿಂದ ಕೊರೊನಾ ಬರುತ್ತದೆಂಬ ಸುಳ್ಳು ಸುದ್ದಿಗೆ ಬೆಲೆ ನೆಲಕಚ್ಚಿ, ಗೋಕಾಕ ತಾಲೂಕಿನಲ್ಲಿ ಸಾವಿರಾರು ಕೋಳಿಗಳನ್ನು ಜೀವಂತವಾಗಿ ಹೂಳಲಾಯಿತು. ಹಕ್ಕಿಗಳೂ ನಮ್ಮಂತೆಯೇ ಸಮುದಾಯಗಳೆಂದು ಕುರ್‌ಆನ್ ಕಲಿಸುತ್ತದೆ. ಬೆಕ್ಕನ್ನು ಕಟ್ಟಿಹಾಕಿ ಉಪವಾಸ ಕೆಡವಿದವಳ ಕಥೆ ಕೇಳಿ ಬೆಳೆದ ನಾವು, ತನಿಖೆ ಮಾಡದೆ ಒಂದು ಸುದ್ದಿಯನ್ನು ಮುಂದೆ ಕಳಿಸುವಾಗ ಯಾವ ಜೀವಗಳು ಅದರ ಬೆಲೆ ತೆರುತ್ತವೆಂದು ಯೋಚಿಸಬೇಡವೇ?

ನಾವು ಮಾಡಬೇಕಾದದ್ದು

ಮರಿ ಕೊಳ್ಳುವಾಗ ಬೆಲೆಯೊಂದನ್ನೇ ಕೇಳಬೇಡಿ. ಯಾವ ಲಸಿಕೆ ಆಗಿದೆ, ಯಾವುದು ಆಗಬೇಕಿದೆ ಎಂದು ಕೇಳಿರಿ. ಗಿರಿರಾಜವಿರಲಿ, ಊರಕೋಳಿಯಿರಲಿ, ಹೊಸದಾಗಿ ತಂದದ್ದನ್ನು ಎರಡು ಮೂರು ವಾರ ಬೇರೆ ಗೂಡಿನಲ್ಲಿಡಿ. ಸತ್ತ ಕೋಳಿಯನ್ನು ಚೀಲದಲ್ಲಿ ಕಟ್ಟಿ ಕಾಳಿ ನದಿಗೋ ಹಳ್ಳಕ್ಕೋ ಹೆದ್ದಾರಿಯ ಬದಿಗೋ ಎಸೆಯಬೇಡಿ. ಆಳವಾಗಿ ಹೂಳಿ, ಮೇಲೆ ಸುಣ್ಣ ಹಾಕಿರಿ. ಒಮ್ಮೆಗೇ ಹಲವು ಸತ್ತರೆ ಕೈಯಿಂದ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿರಿ.

ಲಸಿಕೆಯ ಒಂದು ಸೀಸೆ ನೂರಾರು ಕೋಳಿಗಳಿಗೆ ಆಗುವಷ್ಟಿರುತ್ತದೆ. ಬೆರೆಸಿದ ಮೇಲೆ ಒಂದೆರಡು ತಾಸಿನಲ್ಲಿ ಮುಗಿಸಬೇಕು. ಐದು ಕೋಳಿ ಇರುವವರು ಒಂದು ಸೀಸೆ ತರಲಾರರು. ಅದಕ್ಕೇ ಬಡವರ ಕೋಳಿಗೆ ಲಸಿಕೆ ಸಿಗುವುದಿಲ್ಲ. ಜಮಾಅತ್ತಿನವರು ಒಂದು ದಿನ ಗೊತ್ತುಮಾಡಿ ಪಶುವೈದ್ಯರನ್ನು ಕರೆಸಿದರೆ ಇಡೀ ಕೇರಿಯ ಕೋಳಿಗಳಿಗೆ, ಯಾರ ಮನೆಯದೆಂದು ನೋಡದೆ, ಒಂದು ಬೆಳಗಿನಲ್ಲಿ ಹಾಕಿಸಬಹುದು. ರೋಗ ಮನೆಯವರ ಧರ್ಮ ಕೇಳಿ ಬೇಲಿ ದಾಟುವುದಿಲ್ಲ. ನೆರೆಯವರ ಹಕ್ಕೂ ಹಾಗೆಯೇ.

ಆ ಯುವಕನು ಉಳಿದ ಮರಿಗಳನ್ನು ಮಾರಲಿಲ್ಲ. ವೈದ್ಯರು ಹೇಳಿದಂತೆ ಮಾಡಿ ಗುಂಡಿ ಮುಚ್ಚಿದ. ಸಾಲದ ಮೇಲೆ ಸಾಲವಾದರೂ ಅಜ್ಜಿಗೆ ಕೋಳಿ ಕೊಡಿಸುತ್ತೇನೆಂದು ಬಂದ. ನಾನು ಅರ್ಧ ಹಣ ಹಾಕಿದೆ. ಅದು ದಾನವಲ್ಲ. ಸಲಹೆ ಕೇಳಿಸಿಕೊಂಡವನೂ ಅಮಾನತ್ ಹೊತ್ತವನೇ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಅರೆಬರೆ ತಿಳಿದು ಹೇಳಿದ ನನ್ನ ಮೇಲೆ ಆ ಸಾಲವಿತ್ತು. ಲಸಿಕೆಯಾದ ಆರು ಕೋಳಿಗಳನ್ನು ಕೊಟ್ಟು ಬಂದೆವು. ಅಜ್ಜಿ ಅವನ್ನು ಕೂಡಲೇ ಒಳಗೆ ಬಿಡಲಿಲ್ಲ. ಹಿತ್ತಲ ಮೂಲೆಯಲ್ಲಿ ಬೇರೆ ಗೂಡು ಕಟ್ಟಿಸಿದ್ದರು. ‘ಎರಡು ವಾರ ಅಲ್ಲೇ ಇರ್ಲಿ’ ಎಂದರು. ನಾನು ಕಲಿಯದ ಪಾಠವನ್ನು ಅವರು ಆಗಲೇ ಕಲಿತಿದ್ದರು.

ನಮ್ಮ ವ್ಯಾಪಾರ, ಮಾತು, ಸಲಹೆ ಯಾವುದರಿಂದಲೂ ನೆರೆಯವರ ಮನೆಗೆ ಕೇಡು ಹೋಗದಂತೆ ಅಲ್ಲಾಹನು ನಮ್ಮನ್ನು ಕಾಪಾಡಲಿ. ತಪ್ಪಿದಾಗ ಒಪ್ಪಿಕೊಳ್ಳುವ ಧೈರ್ಯವನ್ನೂ ತಿದ್ದಿಕೊಳ್ಳುವ ಅನುಗ್ರಹವನ್ನೂ ಕೊಡಲಿ. ಆಮೀನ್.