ಸಂಪತ್ತೂ ವಿಗ್ರಹವಾಗಬಲ್ಲುದು

ವಿಗ್ರಹ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕಲ್ಲು, ಮರ ಅಥವಾ ಲೋಹದ ಆಕೃತಿ. ಕಲಿಮಾ ಉಚ್ಚರಿಸಿದ ನಾವು ಅದಕ್ಕೆ ತಲೆಬಾಗುವುದಿಲ್ಲ. ಆದರೆ ಅಷ್ಟರಿಂದಲೇ ನಮ್ಮ ಹೃದಯ ಎಲ್ಲ ವಿಗ್ರಹಗಳಿಂದ ಶುದ್ಧವಾಯಿತೆಂದು ಹೇಳಬಹುದೇ? ತನ್ನ ಇಚ್ಛೆಯನ್ನೇ ದೇವರಾಗಿಸಿಕೊಂಡವನ ಬಗ್ಗೆ ಪವಿತ್ರ ಕುರ್‌ಆನ್ (ಅಲ್‌ಫುರ್ಕಾನ್: 43) ಎಚ್ಚರಿಸುತ್ತದೆ. ದೀನಾರ್ ಮತ್ತು ದಿರ್ಹಮ್‌ಗಳ ದಾಸನಾದವನ ನಾಶದ ಕುರಿತು ಪ್ರವಾದಿವರ್ಯರು(ಸ) ಹೇಳಿರುವುದು ಬುಖಾರಿಯಲ್ಲಿದೆ. 'ದಾಸ' ಎಂಬ ಪದವನ್ನು ಗಮನಿಸಿರಿ. ದಾಸನಿದ್ದಲ್ಲಿ ಒಡೆಯನೂ ಇರಲೇಬೇಕು.

ಹ. ಈಸಾ(ಅ)ರ ಕುರಿತ ನಂಬಿಕೆಯಲ್ಲಿ ಕ್ರೈಸ್ತರಿಗೂ ನಮಗೂ ಮೂಲಭೂತ ವ್ಯತ್ಯಾಸವಿದೆ. ಆದರೆ ಸಂಪತ್ತಿನ ದಾಸ್ಯದ ಈ ಪ್ರಶ್ನೆಯನ್ನು ಅವರ ಧರ್ಮಗ್ರಂಥವೂ ಗಂಭೀರವಾಗಿ ಎತ್ತಿದೆ. ದೇವರು ಮತ್ತು ಧನ ಎಂಬ ಇಬ್ಬರು ಒಡೆಯರ ಸೇವೆ ಒಬ್ಬನಿಂದ ಸಾಧ್ಯವಿಲ್ಲವೆಂದು ಮತ್ತಾಯನ ಸುವಾರ್ತೆ ಬೋಧಿಸುತ್ತದೆ. ಕೊಲೊಸ್ಸೆಯವರಿಗೆ ಬರೆದ ಪತ್ರವಂತೂ ದುರಾಶೆಯನ್ನು ನೇರವಾಗಿ ವಿಗ್ರಹಾರಾಧನೆಯೆಂದೇ ಕರೆಯುತ್ತದೆ.

ಸುವಾರ್ತೆಗಳಲ್ಲಿ ಇಬ್ಬರು ಶ್ರೀಮಂತರ ಪ್ರಸಂಗಗಳಿವೆ. ಎಲ್ಲ ಆಜ್ಞೆಗಳನ್ನೂ ಪಾಲಿಸುತ್ತ ಬಂದಿದ್ದ ಒಬ್ಬ ಯುವಕನಿಗೆ, ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಡುವಂತೆ ಹೇಳಲಾಯಿತು. ಆತ ದುಃಖದಿಂದ ಹೊರಟುಹೋದ. ಇನ್ನೊಬ್ಬನು ಯೆರಿಕೋ ಪಟ್ಟಣದ ಸುಂಕದವರ ಮುಖ್ಯಸ್ಥ ಜಕ್ಕಾಯ. ಅವನು ಅರ್ಧ ಆಸ್ತಿಯನ್ನು ಬಡವರಿಗೆ ಕೊಡುವುದಾಗಿಯೂ ಮೋಸದಿಂದ ಪಡೆದುದನ್ನು ನಾಲ್ಕು ಪಟ್ಟು ಹಿಂತಿರುಗಿಸುವುದಾಗಿಯೂ ಘೋಷಿಸಿದ. ಉಳಿದ ಅರ್ಧವನ್ನು ಅವನಿಂದ ಯಾರೂ ಕೇಳಲಿಲ್ಲ. ಇದೇಕೆ ಹೀಗೆ? ಯುವಕನ ಪೆಟ್ಟಿಗೆ ಅವನ ಹೃದಯವನ್ನು ಹಿಡಿದಿತ್ತು. ಜಕ್ಕಾಯನ ಹೃದಯ ತನ್ನ ಪೆಟ್ಟಿಗೆಯಿಂದ ಬಿಡುಗಡೆ ಹೊಂದಿತ್ತು. ಅಂದರೆ ಅಳತೆಗೋಲು ಸೊತ್ತಿನ ಪ್ರಮಾಣವಲ್ಲ, ಅದರ ಹಿಡಿತ.

ಕ್ರೈಸ್ತ ಇತಿಹಾಸದಲ್ಲಿ ಎಲ್ಲವನ್ನೂ ತ್ಯಜಿಸಿದವರೂ ಇದ್ದಾರೆ. ಇಟಲಿಯ ಅಸ್ಸಿಸಿಯ ಫ್ರಾನ್ಸಿಸ್ ಸಿರಿವಂತ ಬಟ್ಟೆ ವ್ಯಾಪಾರಿಯೊಬ್ಬನ ಮಗ. 1206ರ ಸುಮಾರಿಗೆ ಬಿಷಪ್‌ರ ಮುಂದೆ ತೊಟ್ಟ ಬಟ್ಟೆಯನ್ನೂ ಕಳಚಿ ತಂದೆಗೆ ಒಪ್ಪಿಸಿ ಹೊರನಡೆದರು. 1219ರಲ್ಲಿ ಶಿಲುಬೆ ಯುದ್ಧ ನಡೆಯುತ್ತಿದ್ದಾಗಲೇ ಈಜಿಪ್ಟಿನ ದಮಿಯಾತ್ ಬಳಿ ನಿರಾಯುಧರಾಗಿ ಸುಲ್ತಾನ್ ಅಲ್‌ಕಾಮಿಲ್‌ರ ಶಿಬಿರಕ್ಕೆ ಹೋಗಿ ಸುರಕ್ಷಿತವಾಗಿ ಮರಳಿದರು. ಸುಲ್ತಾನರು ನೀಡಿದ ಕಾಣಿಕೆಗಳನ್ನು ಅವರು ಸ್ವೀಕರಿಸಲಿಲ್ಲವೆಂದು ಅವರ ಜೀವನಚರಿತ್ರೆ ಬರೆದವರು ದಾಖಲಿಸಿದ್ದಾರೆ.

ಆದರೆ 1226ರಲ್ಲಿ ಅವರು ತೀರಿಕೊಂಡ ಬಳಿಕ ಏನಾಯಿತು? ಅವರ ಅನುಯಾಯಿಗಳಲ್ಲಿ ಬಡತನದ ಕುರಿತೇ ತೀವ್ರ ವಿವಾದ ಹುಟ್ಟಿತು. ಯೇಸು ಮತ್ತು ಶಿಷ್ಯರಿಗೆ ಸ್ವಂತದ್ದೇನೂ ಇರಲಿಲ್ಲವೆಂಬ ವಾದವನ್ನು ಪೋಪ್ 22ನೇ ಜಾನ್ 1323ರಲ್ಲಿ ಧರ್ಮವಿರೋಧಿಯೆಂದು ಸಾರಿದರು. ವಸ್ತುವನ್ನು ಬಿಟ್ಟ ಮಾತ್ರಕ್ಕೆ ಅಹಂ ಬಿಡುವುದಿಲ್ಲ. ಕೆಲವೊಮ್ಮೆ ತ್ಯಾಗದ ಹೆಮ್ಮೆಯೇ ಹೊಸ ವಿಗ್ರಹವಾಗುತ್ತದೆ.

ಸನ್ಯಾಸವನ್ನು ಅಲ್ಲಾಹನು ವಿಧಿಸಿರಲಿಲ್ಲ, ಅದನ್ನು ಅವರೇ ಕಲ್ಪಿಸಿಕೊಂಡರೆಂದು ಕುರ್‌ಆನ್ (ಅಲ್‌ಹದೀದ್: 27) ಹೇಳುತ್ತದೆ. ಹ. ಸಅದ್ ಬಿನ್ ಅಬೀ ವಕ್ಕಾಸ್(ರ) ಕಾಯಿಲೆ ಬಿದ್ದಾಗ ತಮ್ಮ ಸಂಪತ್ತಿನ ಮೂರನೇ ಎರಡು ಭಾಗವನ್ನು ದಾನ ಮಾಡಬಯಸಿದರು. ಪ್ರವಾದಿವರ್ಯರು(ಸ) ಮೂರನೇ ಒಂದಕ್ಕೆ ಮಾತ್ರ ಅನುಮತಿಸಿ, ಅದೂ ಹೆಚ್ಚೇ ಎಂದರು. ವಾರಸುದಾರರು ಜನರ ಮುಂದೆ ಕೈ ಚಾಚುವಂತಾಗಬಾರದು. ಹಾಗಿದ್ದರೂ ತಬೂಕ್‌ನ ಸಂದರ್ಭದಲ್ಲಿ ಹ. ಅಬೂಬಕರ್(ರ) ಮನೆಯಲ್ಲಿದ್ದುದೆಲ್ಲವನ್ನೂ, ಹ. ಉಮರ್(ರ) ಅರ್ಧವನ್ನೂ ತಂದಾಗ ಇಬ್ಬರದನ್ನೂ ಸ್ವೀಕರಿಸಲಾಯಿತು. ಸಂಪತ್ತು ಕೈಯಲ್ಲಿರಲಿ, ಹೃದಯದಲ್ಲಿ ಬೇಡ. ಇದುವೇ ಇಸ್ಲಾಮ್ ಕಲಿಸುವ ಝುಹ್ದ್.

ಓದುಗ ಬಂಧುಗಳೇ, ಸಂಪತ್ತು ಹೃದಯದಲ್ಲಿಲ್ಲವೆಂದು ಹೇಳುವುದು ಸುಲಭ. ಅದನ್ನು ಪರೀಕ್ಷಿಸುವುದು ಹೇಗೆ? ಅಲ್ಲಾಹನ ಆಜ್ಞೆ ಒಂದು ಕಡೆಗೆ, ಹಣ ಇನ್ನೊಂದು ಕಡೆಗೆ ಎಳೆಯುವಾಗ ನಾವು ಯಾರ ಮಾತು ಕೇಳುತ್ತೇವೆ? ತಂದೆಯ ಆಸ್ತಿಯಲ್ಲಿ ಸಹೋದರಿಗೆ ಅಲ್ಲಾಹನೇ ಪಾಲು ನಿಗದಿಪಡಿಸಿದ್ದಾನೆ (ಅನ್ನಿಸಾ: 11). ಅದನ್ನು ಕೊಡದೆ, 'ಅವಳೇ ಬೇಡವೆಂದಳು' ಎಂದು ಸಮಾಧಾನಪಟ್ಟುಕೊಳ್ಳುವವರು ಎಷ್ಟಿಲ್ಲ? ಮಹ್ರ್ ಕೊಡಬೇಕಾದ ವರನೇ ವಧುವಿನ ತಂದೆಯಿಂದ ವರದಕ್ಷಿಣೆ ಎಣಿಸಿಕೊಳ್ಳುವುದಿಲ್ಲವೇ? ಪಡೆದ ಆ ಹಣದಿಂದಲೇ ಝಕಾತ್ ಕೊಟ್ಟರೆ, ಉಮ್ರಾ ನಿರ್ವಹಿಸಿದರೆ ಲೆಕ್ಕ ಸರಿಹೋಗುವುದೇ?

ಜಕ್ಕಾಯನ ಪ್ರಸಂಗದಲ್ಲಿ ದಾನ ಬೇರೆ, ಹಿಂತಿರುಗಿಸುವುದು ಬೇರೆ. ನಮ್ಮ ವಿದ್ವಾಂಸರೂ ಇದನ್ನೇ ಹೇಳುತ್ತಾರೆ: ಜನರ ಹಕ್ಕನ್ನು ಕಸಿದವನ ತೌಬಾ, ಆ ಹಕ್ಕನ್ನು ಹಿಂತಿರುಗಿಸದೆ ಪೂರ್ಣವಾಗದು. ಕಸಿದ ಹಕ್ಕಿಗೆ ದಾನವು ಪರಿಹಾರವಲ್ಲ.

ಕಅಬಾದೊಳಗಿನ ವಿಗ್ರಹಗಳನ್ನು ಪ್ರವಾದಿವರ್ಯರು(ಸ) ಮಕ್ಕಾ ವಿಜಯದ ದಿನ ತೆರವುಗೊಳಿಸಿದರು. ನಮ್ಮ ಹೃದಯದಲ್ಲಿರುವುದನ್ನು ನಾವೇ ತೆರವುಗೊಳಿಸಬೇಕು. ಇಂದು ಮನೆಮಂದಿಯೆಲ್ಲ ಕುಳಿತು, ನಮ್ಮ ಬಳಿಯಿರುವ ಸೊತ್ತಿನಲ್ಲಿ ಇತರರದ್ದು ಯಾವುದು ಎಂದು ಮೊದಲು ಲೆಕ್ಕ ಹಾಕೋಣ. ಅದನ್ನು ಅವರಿಗೆ ತಲುಪಿಸುವ ಸಾಮರ್ಥ್ಯವನ್ನು ಅಲ್ಲಾಹನು ನಮಗೆ ಅನುಗ್ರಹಿಸಲಿ, ಆಮೀನ್.